ಅಜ್ಜನ ವಾಚಿಗೆ ಬೆಲೆ ಕಟ್ಟುವ ಮುನ್ನ

ಮಾನ್ಯರೇ,

ಕೊಡಗಿನ ಮನೆಗಳಲ್ಲಿ ಹಳೆಯ ಕೈಗಡಿಯಾರ ಸಿಗುವುದು ಅಪರೂಪವೇನಲ್ಲ. ಸೇನೆಯಿಂದ ನಿವೃತ್ತರಾಗಿ ಬಂದವರು, ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದವರು, ಶಾಲೆ–ಕಚೇರಿಗಳಲ್ಲಿ ದುಡಿದವರು, ಹೀಗೆ ಹಲವರ ಬೀರುವಿನಲ್ಲಿ ಒಂದಾದರೂ ವಾಚು ಉಳಿದಿರುತ್ತದೆ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಬಂತೆಂದರೆ ಅಜ್ಜನ ಕೋವಿಯನ್ನು ಇಳಿಸಿ, ಒರೆಸಿ, ತೋಕ್ ಪೂ ಎಂಬ ಕೋವಿ ಹೂ ಮುಡಿಸಿ ಪೂಜೆಗಿಡುವ ಮನೆಯಲ್ಲೇ ಅದೇ ಅಜ್ಜನ ವಾಚು ಹಳೆಯ ಪತ್ರಗಳ ಅಡಿಯಲ್ಲಿ ಸಿಕ್ಕಿಕೊಂಡು, ಪಾಲಿನ ಮಾತು ಬಂದಾಗಲಷ್ಟೇ ಹೊರಬರುತ್ತದೆ. ಆಗ ಮನೆಯವರು ಕೇಳುವ ಮೊದಲ ಪ್ರಶ್ನೆ "ಇದಕ್ಕೆ ಎಷ್ಟು ಬರಬಹುದು?" ಎಂಬುದು; ಮಾಡಿಸುವ ಮೊದಲ ಕೆಲಸ ಪಾಲಿಶ್. ಗುರುತು ಹಿಡಿಯುವ ಮೊದಲು ಇವೆರಡಕ್ಕೂ ಕೈಹಾಕಬಾರದು ಎಂಬುದೇ ಇಂದಿನ ನನ್ನ ಮಾತಿನ ತಿರುಳು.

ಡಯಲ್ ಮೇಲಿನ ಹೆಸರನ್ನು ಓದಿಬಿಟ್ಟರೆ ಗುರುತು ಹಿಡಿದಂತೆ ಆಗುವುದಿಲ್ಲ. ಡಯಲ್, ಕೇಸ್ ಅಂದರೆ ಹೊರಕವಚ, ಒಳಗಿನ ಮೆಷಿನ್ ಈ ಮೂರೂ ಒಂದೇ ಕಥೆಯನ್ನು ಹೇಳಬೇಕು. ಅದನ್ನು ತಿಳಿಯಲು ಬ್ಯಾಕ್ ಕವರ್ ತೆಗೆಯಲೇಬೇಕು, ಆದರೆ ಅಡುಗೆಮನೆಯ ಚಾಕುವಿನಿಂದಲ್ಲ. ತಿರುಪಿನ ಕವರಿಗೆ ಬೇರೆ ಉಪಕರಣ, ಒತ್ತಿ ಕೂರಿಸಿದ ಕವರಿಗೆ ಬೇರೆ ಉಪಕರಣ ಬೇಕು. ಅವೆರಡೂ ಇರುವ ರಿಪೇರಿಯವರ ಎದುರು ಕುಳಿತು ತೆಗೆಸಿ, ಫೋಟೊ ತೆಗೆದುಕೊಂಡು, ಮತ್ತೆ ಮುಚ್ಚಿಸುವುದು ಕ್ಷೇಮ. ಕವರಿನ ಒಳಮೈಯನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಕಂಪನಿಯ ಮುದ್ರೆ ಮತ್ತು ಸಂಖ್ಯೆಯ ಪಕ್ಕದಲ್ಲಿ ಸೂಜಿಯಿಂದ ಗೀಚಿದಂತಹ ಸಣ್ಣ ಅಕ್ಷರಗಳು ಕೆಲವೊಮ್ಮೆ ಕಾಣುತ್ತವೆ. ಅವು ಹಿಂದೆ ರಿಪೇರಿ ಮಾಡಿದವರು ತಮ್ಮ ಲೆಕ್ಕಕ್ಕೆಂದು ಬರೆದ ಅಂಕಿ ಅಥವಾ ತಾರೀಖು. 6-4-58 ಎಂದು ಗೀಚಿದ್ದರೆ ಆ ಕೇಸ್ 1958ಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ. ಪಾಲಿಶ್ ಯಂತ್ರಕ್ಕೆ ಕೊಡುವವರು ಇಂತಹ ಸಾಕ್ಷಿಯ ಬಗ್ಗೆ ಯೋಚಿಸುವುದೇ ಇಲ್ಲ.

ಸಂಖ್ಯೆ ಎಲ್ಲಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ರೋಲೆಕ್ಸ್ ಆಯ್ಸ್ಟರ್ ವಾಚಿನಲ್ಲಿ ಪಟ್ಟಿಯನ್ನು ಕಳಚಿದರೆ, ಹನ್ನೆರಡರ ಕಡೆ ಪಟ್ಟಿ ಸಿಕ್ಕಿಸುವ ಎರಡು ಕಾಲುಗಳ ನಡುವೆ ಮಾದರಿಯ ಸಂಖ್ಯೆಯೂ ಆರರ ಕಡೆ ಸರಣಿ ಸಂಖ್ಯೆಯೂ ಇರುತ್ತವೆ. ಒಮೇಗಾದ ಹಳೆಯ ವಾಚುಗಳಲ್ಲಿ ಸರಣಿ ಸಂಖ್ಯೆಯನ್ನು ಮೆಷಿನ್ ಮೇಲೆ ಕೆತ್ತಿರುತ್ತಾರೆ. ಅದು ಒಂದು ಕೋಟಿಯ ಆಸುಪಾಸಿನಲ್ಲಿದ್ದರೆ 1940ರ ದಶಕದ ನಡುಭಾಗ ಎಂದು ಅಂದಾಜಿಸಬಹುದು.

ಇನ್ನು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು: "ಇದು ಮಿಲಿಟರಿ ವಾಚು." ಕಾರ್ಯಪ್ಪ, ತಿಮ್ಮಯ್ಯ ಅವರಂತಹ ಸೇನಾನಿಗಳ ನೆಲದಲ್ಲಿ ಈ ಮಾತು ಸಹಜವೇ. ಆದರೆ ಸೈನಿಕ ಕಟ್ಟಿದ್ದ ವಾಚು ಬೇರೆ, ಸೇನೆ ಕೊಟ್ಟ ವಾಚು ಬೇರೆ. ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ಬ್ರಿಟಿಷ್ ಸೇನೆ ಹನ್ನೆರಡು ಹೆಸರುಗಳ ಸ್ವಿಸ್ ಕೈಗಡಿಯಾರಗಳನ್ನು ಒಂದೇ ನಮೂನೆಯಲ್ಲಿ ಮಾಡಿಸಿತು. ಒಮೇಗಾ, ಲಾಂಜಿನ್, ಸೈಮಾ, ಬ್ಯೂರೆನ್, ರೆಕಾರ್ಡ್ ಅವುಗಳಲ್ಲಿ ಸೇರಿವೆ. ಕಪ್ಪು ಡಯಲ್, ಆರರ ಬಳಿ ಸೆಕೆಂಡಿನ ಚಿಕ್ಕ ವೃತ್ತ, ಡಯಲ್ ಮತ್ತು ಹಿಂಬದಿಯಲ್ಲಿ ಸರ್ಕಾರದ ಬಾಣದ ಗುರುತು, ಹಿಂಬದಿಯಲ್ಲಿ ಮೂರು ಡಬ್ಲ್ಯು ಅಕ್ಷರಗಳು ಇವುಗಳ ಲಕ್ಷಣ. ಈ ಗುರುತುಗಳಿಲ್ಲದ ವಾಚನ್ನು ಅಜ್ಜ ತಮ್ಮ ಸಂಬಳದಲ್ಲಿ ಕೊಂಡಿರುವ ಸಂಭವವೇ ಹೆಚ್ಚು, ಮತ್ತು ಅದರಿಂದ ಅಜ್ಜನ ಗೌರವವೇನೂ ಕಡಿಮೆಯಾಗುವುದಿಲ್ಲ. ಬಾಂಬೆ, ಕಲ್ಕತ್ತಾಗಳಲ್ಲಿ ವ್ಯಾಪಾರ ನಡೆಸಿದ ವೆಸ್ಟ್ ಎಂಡ್ ಕಂಪನಿಯ 'ಸೊವಾರ್ ಪ್ರೈಮಾ' ಆ ಕಾಲದ ಸೈನಿಕರ ನೆಚ್ಚಿನ ವಾಚಾಗಿತ್ತು. 1865ರಿಂದಲೇ ಬಾಂಬೆಯೊಡನೆ ನಂಟಿದ್ದ ಫಾವ್ರ್ ಲ್ಯೂಬಾ ಕೂಡ ನಮ್ಮ ಹಳೆಯ ಮನೆಗಳಲ್ಲಿ ಸಿಗುವ ಹೆಸರೇ.

ಬಹುಪಾಲು ಮನೆಗಳಲ್ಲಿ ಸಿಗುವುದು ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಜನತಾ, ಪೈಲಟ್, ಸೋನಾ, ಕಾಂಚನ ಹೆಸರುಗಳು ಕನ್ನಡಿಗರಿಗೆ ಪರಿಚಯ ಬೇಡದವು. ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟ ಸುದ್ದಿ ಬಂದ ಮೇಲೆ ಇವುಗಳನ್ನು ಹುಡುಕುವವರು ಹೆಚ್ಚಿದರು. ಅವರೊಡನೆ ನಕಲಿ ಜೋಡಣೆಗಳೂ ಹೆಚ್ಚಿದವು. ಹಳೆಯ ಮೆಷಿನ್‌ಗೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿದ ವಾಚುಗಳನ್ನು ಸಂಗ್ರಾಹಕರು 'ಮುಂಬೈ ಸ್ಪೆಷಲ್' ಎಂದು ಕರೆಯುತ್ತಾರೆ. ಗಿಳಿಹಸಿರೋ ಕಿತ್ತಳೆಯೋ ಹೊಳೆಯುವ ಜನತಾ ಕಂಡರೆ ಮಸೂರ ಹಿಡಿಯಿರಿ. ಮೂಲ ಡಯಲ್‌ನ ಅಕ್ಷರದ ಅಂಚು ಚೂಪಾಗಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿನ ನಡುವಿಗೆ ಸರಿಯಾಗಿ ಕೂಡುತ್ತವೆ. ಮರುಬಣ್ಣದ ಡಯಲ್‌ನಲ್ಲಿ ಅಕ್ಷರಗಳು ಒಡೆದು ಹರಡಿರುತ್ತವೆ, ಗೆರೆಗಳು ಕೂದಲೆಳೆಯಷ್ಟು ಆಚೀಚೆ ಸರಿದಿರುತ್ತವೆ. ನಮ್ಮ ಮಳೆಗಾಲದ ತೇವದಲ್ಲಿ ಕಲೆ ಕಟ್ಟಿದ ಮೂಲ ಡಯಲ್, ಕನ್ನಡಿಯಂತೆ ಮಿಂಚುವ ಮರುಬಣ್ಣದ ಡಯಲ್‌ಗಿಂತ ಸಾಮಾನ್ಯವಾಗಿ ಹೆಚ್ಚು ಬೆಲೆಯದು. ಇದನ್ನು ಮನೆಯವರಿಗೆ ಒಪ್ಪಿಸುವುದು ಎಷ್ಟು ಕಷ್ಟ ಎಂಬುದೂ ನನಗೆ ಗೊತ್ತು.

ಕತ್ತಲೆಯಲ್ಲಿ ಹೊಳೆಯಲೆಂದು ಹಚ್ಚಿದ ಬಣ್ಣದ ಬಗ್ಗೆ ಎಚ್ಚರಿಕೆ ಅಗತ್ಯ. ಸುಮಾರು 1960ರ ದಶಕದವರೆಗೆ ಅದರಲ್ಲಿ ವಿಕಿರಣ ಸೂಸುವ ರೇಡಿಯಂ ಬಳಸುತ್ತಿದ್ದರು. ರೇಡಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ಅದನ್ನು ಕೆರೆಯಬಾರದು, ಉದುರಿದ ಪುಡಿಯನ್ನು ಊದಬಾರದು. ಬಳಿಕ ಬಂದ ಟ್ರಿಟಿಯಂ ಎಂಬ ಇನ್ನೊಂದು ವಿಕಿರಣ ವಸ್ತುವಿನ ಬಣ್ಣದ ಡಯಲ್‌ಗಳಲ್ಲಿ ಆರರ ಕೆಳಗೆ 'ಟಿ ಸ್ವಿಸ್ ಟಿ' ಎಂದು ಬರೆದಿರುವುದುಂಟು. 1945ರ ಕೇಸಿನಲ್ಲಿ ಟ್ರಿಟಿಯಂ ಡಯಲ್ ಕಂಡರೆ ಅದು ಆಮೇಲೆ ಬದಲಾದದ್ದು ಎಂದರ್ಥ. ಬ್ರಿಟಿಷ್ ಸೇನೆಯೇ ಹಾಗೆ ಬದಲಿಸಿದ ಉದಾಹರಣೆಗಳಿರುವುದರಿಂದ ತಕ್ಷಣ ಮೋಸವೆಂದು ತೀರ್ಮಾನಿಸುವಂತಿಲ್ಲ.

ಈಗ ಬೆಲೆಯ ಮಾತು. '17 ಜ್ಯೂವೆಲ್ಸ್' ಎಂದು ಓದಿ ಒಳಗೆ ರತ್ನಗಳಿವೆ ಎಂದು ಸಂಭ್ರಮಿಸುವವರಿದ್ದಾರೆ. ಅವು ಸವೆತ ತಡೆಯಲು ಇಟ್ಟ ಕೃತಕ ಮಾಣಿಕ್ಯದ ಚೂರುಗಳು, ಬಿಡಿಯಾಗಿ ಅವಕ್ಕೆ ಹೇಳಿಕೊಳ್ಳುವ ಬೆಲೆಯಿಲ್ಲ. ಹಳದಿ ಬಣ್ಣವೆಲ್ಲ ಚಿನ್ನವೂ ಅಲ್ಲ: '20 ಮೈಕ್ರಾನ್ಸ್' ಎಂದಿದ್ದರೆ ಲೇಪನ, 0.750 ಎಂದಿದ್ದರೆ 18 ಕ್ಯಾರೆಟ್. ಆನ್‌ಲೈನ್‌ನಲ್ಲಿ ಮಾರುವವರು ಕೇಳುತ್ತಿರುವ ಬೆಲೆಯನ್ನು ನೋಡಿ ಲೆಕ್ಕ ಹಾಕುವುದು ವ್ಯರ್ಥ. ಅದೇ ಮಾದರಿ, ಅದೇ ಸ್ಥಿತಿಯ ವಾಚು ನಿಜವಾಗಿ ಎಷ್ಟಕ್ಕೆ ಕೈಬದಲಾಯಿತು ಎಂಬುದನ್ನು ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳಲ್ಲಿ ನೋಡಬೇಕು.

ಯಾರ ವಾಚು ಎಂಬುದಕ್ಕೂ ಬೆಲೆಯಿದೆ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಉಕ್ಕಿನ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರ್‌ಗೂ ಹೆಚ್ಚಿಗೆ ಹೋಯಿತು; ಅದರ ಹಿಂಬದಿಯಲ್ಲಿ ಅವರ ಪತ್ನಿ ಕೆತ್ತಿಸಿದ್ದ ಸಾಲು ಅದು ಅವರದ್ದೇ ಎಂಬುದಕ್ಕೆ ಪುರಾವೆಯಾಗಿತ್ತು. ನಮ್ಮಲ್ಲಿ "ದೊರೆ ಕೊಟ್ಟದ್ದು" ಎಂಬ ಮನೆಮಾತು ಪುರಾವೆಯಲ್ಲ. ಕೆತ್ತನೆ, ರಸೀದಿ, ಸೇನೆಯ ಡಿಸ್ಚಾರ್ಜ್ ಪುಸ್ತಕ, ಆ ವಾಚು ಕಟ್ಟಿದ ಹಳೆಯ ಫೋಟೊ ಇದ್ದರೆ ಅವನ್ನು ವಾಚಿನ ಜೊತೆಗೇ ಇಡಿ. ಪಾಲು ಮಾಡುವಾಗ ವಾಚು ಒಬ್ಬರಿಗೆ, ಪೆಟ್ಟಿಗೆ ಇನ್ನೊಬ್ಬರಿಗೆ ಹೋದರೆ ಇಬ್ಬರಿಗೂ ನಷ್ಟ.

ಇಂದು ವಾಚು ತಂದಿರುವವರು ದಯವಿಟ್ಟು ಕೀ ಕೊಟ್ಟು ನೋಡಬೇಡಿ. ವರ್ಷಗಟ್ಟಲೆ ನಿಂತ ಮೆಷಿನ್‌ನಲ್ಲಿ ಎಣ್ಣೆ ಒಣಗಿ ಹೋಗಿರುತ್ತದೆ, ಬಲವಂತವಾಗಿ ಓಡಿಸಿದರೆ ಸವೆಯುತ್ತದೆ. ಮುಂದಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ, ಮಸೂರವೂ ಇದೆ. ಡಯಲ್‌ನಿಂದಲೇ ಶುರು ಮಾಡೋಣ.