ಫಿಲ್ಟರ್ ಕೊಳ್ಳುವ ಮೊದಲು ನೀರನ್ನು ಪರೀಕ್ಷಿಸಿ

ಕೇಳುಗರಿಗೆ ನಮಸ್ಕಾರ.

ಫಿಲ್ಟರ್ ಮಾರುವವರು ಮನೆಗೆ ಬಂದು ಒಂದು ಪ್ರಯೋಗ ಮಾಡಿ ತೋರಿಸುವುದುಂಟು. ಒಂದು ಲೋಟದಲ್ಲಿ ನಿಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಸ್ವಿಚ್ ಹಾಕುತ್ತಾರೆ. ನೋಡನೋಡುತ್ತಿದ್ದಂತೆ ನಲ್ಲಿಯ ನೀರು ಕಂದುಬಣ್ಣಕ್ಕೆ ತಿರುಗಿ ಗಷ್ಟು ತೇಲುತ್ತದೆ. "ನಿಮ್ಮ ಮಕ್ಕಳು ದಿನವೂ ಕುಡಿಯುತ್ತಿರುವುದು ಇದನ್ನೇ" ಎನ್ನುತ್ತಾರೆ. ಅದು ನೀರಿನ ಕೊಳೆಯಲ್ಲ. ಲವಣ ಕರಗಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ; ಕಡ್ಡಿಯ ಕಬ್ಬಿಣವೇ ಸವೆದು ತುಕ್ಕಾಗಿ ನೀರಿಗೆ ಇಳಿಯುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹೆಚ್ಚು ಹರಿಯದು, ಆದ್ದರಿಂದ ಅದು ತಿಳಿಯಾಗಿಯೇ ಇರುತ್ತದೆ. ಹೆತ್ತವರ ಭಯವನ್ನು ಹೀಗೆ ಬಂಡವಾಳ ಮಾಡಿಕೊಳ್ಳುವುದು ದೊಡ್ಡ ಅನ್ಯಾಯ.

ಬೆಂಗಳೂರಿಗೆ ಬರುವ ಕಾವೇರಿ ನೀರಿನಲ್ಲಿ ಲವಣಾಂಶ ಕಡಿಮೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಕಳುಹಿಸುತ್ತಾರೆ. ಬೆಂಗಳೂರಿನಲ್ಲಿ ಅಂಜಬೇಕಾದದ್ದು ಒಡೆದ ಪೈಪಿನೊಳಗೆ ನುಸುಳುವ ಚರಂಡಿ ನೀರಿಗೆ, ವರ್ಷಗಟ್ಟಲೆ ತೊಳೆಯದ ನೆಲದಡಿಯ ನೀರಿನ ತೊಟ್ಟಿಗೆ. ಆ ರೋಗಾಣುಗಳಿಗೆ ಕುದಿಸುವುದೇ ಮದ್ದು. ನೇರಳಾತೀತ ಕಿರಣದ ಫಿಲ್ಟರ್ ಆದರೂ ಸರಿ. ಕರಗಿದ ಲವಣವನ್ನೂ ಸೋಸಿ ತೆಗೆಯುವ ಆರ್‌ಒ ಯಂತ್ರ ಹಾಕಿಸಿಕೊಂಡು, ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಮೋರಿಗೆ ಬಿಡಬೇಕಾಗಿಲ್ಲ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳ ಪಾಡು ಬೇರೆ. ಅಲ್ಲಿ ನೆಲದಡಿಯ ಬಂಡೆಯಿಂದಲೇ ಫ್ಲೋರೈಡ್ ಕರಗಿ ಬರುತ್ತದೆ. ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಮೀರಿದ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ; ಬಹುಕಾಲ ಕುಡಿದವರ ಬೆನ್ನು, ಮಂಡಿ ಬಿಗಿಯುತ್ತವೆ. ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರ್ ಮಣ್ಣನ್ನು ಹಿಡಿದಿಟ್ಟು ಫ್ಲೋರೈಡನ್ನು ಬಿಟ್ಟುಬಿಡುತ್ತದೆ. ಇಲ್ಲಿ ಆರ್‌ಒ ನಿಜಕ್ಕೂ ಬೇಕು, ಇಲ್ಲವೇ ಚೊಕ್ಕಟವಾಗಿ ಹಿಡಿದಿಟ್ಟ ಮಳೆನೀರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವವರು, ಅಲ್ಲಿನ ಯಂತ್ರದ ಮೆಂಬ್ರೇನ್, ಅಂದರೆ ನೀರನ್ನು ಸೋಸುವ ಪೊರೆ, ಬದಲಾಯಿಸಿ ಎಷ್ಟು ಕಾಲವಾಯಿತೆಂದು ಧೈರ್ಯವಾಗಿ ಕೇಳಿ. ಹಾಳಾದ ಮೆಂಬ್ರೇನ್ ಫ್ಲೋರೈಡನ್ನು ತಡೆಯಲಾರದು.

ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ. ರೋಗಾಣುವನ್ನೂ ಕಾಣದು, ಫ್ಲೋರೈಡ್ ಎಷ್ಟೆಂದೂ ತಿಳಿಸದು. ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ಫ್ಲೋರೈಡ್ ಪರೀಕ್ಷೆಗಾದರೆ ಗಾಜಿನದಲ್ಲ, ಪ್ಲಾಸ್ಟಿಕ್ ಬಾಟಲಿಯನ್ನೇ ಅದೇ ನೀರಿನಿಂದ ತೊಳೆದು ತುಂಬಿಸಿ. ರೋಗಾಣು ಪರೀಕ್ಷೆಗೆ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಕೇಳಿ ಪಡೆಯಿರಿ. ಅದನ್ನು ತೊಳೆಯಬಾರದು, ತುಂಬಿಸಿದ ದಿನವೇ ತಲುಪಿಸಬೇಕು.