329 ಡಾಲರ್, ಒಂದು ಬ್ಯಾಂಕು, ಏಳು ವೋಟು

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ? ಸರಿ. ಅಮೆರಿಕದ ರಾಜಕೀಯ ಅಂದ ತಕ್ಷಣ ಇವತ್ತಿನ ಅಧ್ಯಕ್ಷರ ಬಗ್ಗೆ ಏನೋ ಹೇಳ್ತಾನೆ ಅಂದ್ಕೊಂಡು ಬಂದಿರ್ತೀರ, ನಾನು ಸುಮಾರು 150 ವರ್ಷ ಹಿಂದಕ್ಕೆ ಕರ್ಕೊಂಡು ಹೋಗ್ತಿದೀನಿ, ಬೇಜಾರು ಮಾಡ್ಕೋಬೇಡಿ. 1872ರಿಂದ 1877, ಐದೇ ವರ್ಷ. ಆದ್ರೆ ಹಗರಣ, ಬ್ಯಾಂಕ್ ಮುಳುಗೋದು, ಕೆಲಸ ಹೋಗೋದು, ವಿರೋಧ ಪಕ್ಷದವರ ಚಾಲಾಕಿತನ ಎಲ್ಲಾನೂ ಆ ಐದು ವರ್ಷದಲ್ಲೇ ಇದೆ.

ನನಗೆ ಮೊದಲಿಂದ ಕಾಡ್ತಿದ್ದ ಪ್ರಶ್ನೆ ಒಂದೇ. ಆಳೋರು ತಿಂತಿದಾರೆ ಅಂತ ಗೊತ್ತಾದ್ರೂ ಜನ ಯಾಕೆ ಅವರನ್ನೇ ಮತ್ತೆ ಗೆಲ್ಲಿಸ್ತಾರೆ, ಅದೇ ಜನ ಇನ್ನೊಂದಿನ ಅದೇ ಹಗರಣಕ್ಕೆ ಯಾಕೆ ಮನೆಗೆ ಕಳಿಸ್ತಾರೆ?

ಮೊದಲು ರೈಲ್ವೆ ಕಥೆ. ಅಮೆರಿಕದ ಈ ತುದಿಯಿಂದ ಆ ತುದಿಗೆ ರೈಲು ಹಾಕೋಕೆ ಯೂನಿಯನ್ ಪೆಸಿಫಿಕ್ ಅನ್ನೋ ಕಂಪನಿಗೆ ಸರ್ಕಾರ ಜಮೀನು ಕೊಡ್ತು, ಜೊತೆಗೆ ಮೈಲಿಗೆ ಇಷ್ಟು ಅಂತ ಸಾಲದ ಬಾಂಡು, ಸಮತಟ್ಟು ನೆಲಕ್ಕೆ 16,000 ಡಾಲರ್, ಗುಡ್ಡಗಾಡಿಗೆ 48,000. ಕಂಪನಿ ಡೈರೆಕ್ಟರುಗಳು ಏನ್ ಮಾಡಿದ್ರು ಅಂದ್ರೆ, ಕ್ರೆಡಿಟ್ ಮೊಬಿಲಿಯರ್ ಅಂತ ಇನ್ನೊಂದು ಕಂಪನಿ ಇಟ್ಕೊಂಡು ರೈಲು ಹಾಕೋ ಗುತ್ತಿಗೆನ ಅದಕ್ಕೇ ಕೊಟ್ರು. ಬಿಲ್ ಕೊಡೋರೂ ಅವರೇ, ಪಾಸ್ ಮಾಡೋರೂ ಅವರೇ. ರೇಟು ಎಷ್ಟು ಬೇಕಾದ್ರೂ ಏರಿಸ್ಬಹುದು, ಕೇಳೋರು ಯಾರು? ಕೇಳಬೇಕಾಗಿದ್ದೋರು ಸಂಸದರು. ಅದಕ್ಕೇ ಓಕ್ಸ್ ಏಮ್ಸ್ ಅನ್ನೋ ಸಂಸದ, ಮನೆತನದ ವ್ಯಾಪಾರ ಸಲಿಕೆ ತಯಾರಿಕೆ, ಆ ಕಂಪನಿ ಷೇರನ್ನ ಮಾರ್ಕೆಟ್ ರೇಟಿಗಿಂತ ಕಮ್ಮಿಗೆ ತನ್ನ ಜೊತೆಗಾರ ಸಂಸದರಿಗೆ ಹಂಚಿದ. ದುಡ್ಡಿಲ್ಲ ಅಂದೋರಿಗೂ ಕೊಟ್ಟ, ಬರೋ ಲಾಭದಲ್ಲೇ ಷೇರಿನ ಬೆಲೆ ಮುರ್ಕೊಳ್ಳೋದು ಅಂತ. ನಮ್ಮಲ್ಲಿ ಪರ್ಸೆಂಟೇಜ್ ಅಂತೀವಲ್ಲ, ಅದಕ್ಕಿಂತ ನಾಜೂಕು ಇದು, ಕೈಗೆ ನೋಟು ಬರಲ್ಲ, ಡಿವಿಡೆಂಡ್ ಬರುತ್ತೆ.

1872ರ ಸೆಪ್ಟೆಂಬರ್ 4ಕ್ಕೆ ನ್ಯೂಯಾರ್ಕಿನ ಸನ್ ಪತ್ರಿಕೆ ಇದನ್ನ ಹೊರಗೆ ಹಾಕ್ತು. ಉಪಾಧ್ಯಕ್ಷ ಸ್ಕೈಲರ್ ಕೋಲ್ಫ್ಯಾಕ್ಸ್ ಹೆಸರು ಅದರಲ್ಲಿತ್ತು, ಮುಂದೆ ಉಪಾಧ್ಯಕ್ಷ ಆಗ್ಬೇಕಿದ್ದ ಹೆನ್ರಿ ವಿಲ್ಸನ್ ಹೆಸರೂ ಇತ್ತು. ಎರಡೇ ತಿಂಗಳಿಗೆ ಚುನಾವಣೆ. ಏನಾಗ್ಬೇಕಿತ್ತು? ಆಗ ಅಧ್ಯಕ್ಷನಾಗಿದ್ದ ರಿಪಬ್ಲಿಕನ್ ಪಾರ್ಟಿಯ ಯುಲಿಸಿಸ್ ಗ್ರಾಂಟ್ ನೂರಕ್ಕೆ 55ಕ್ಕಿಂತ ಜಾಸ್ತಿ ವೋಟು ತಗೊಂಡು ಎರಡನೇ ಸಲ ಗೆದ್ದ!

ಯಾಕಂದ್ರೆ ರೈಲು ಹಳಿ ಹಾಕೋ ಕೆಲಸ ನಡೀತಿತ್ತು, ಕೂಲಿ ಸಿಗ್ತಿತ್ತು. ತಿನ್ನೋರು ತಿಂತಾರೆ ಬಿಡು, ನಮ್ದು ನಡೀತಿದೆಯಲ್ಲ ಅನ್ನೋ ಮಾತು ನಮ್ಮೂರಲ್ಲಿ ಮಾತ್ರ ಹುಟ್ಟಿದ್ದಲ್ಲ ನೋಡಿ. ಇನ್ನೊಂದು ಕಾರಣ ವಿರೋಧ ಪಕ್ಷದ ಆಯ್ಕೆ. ಡೆಮಾಕ್ರಾಟರು ಆ ವರ್ಷ ಹೊರೇಸ್ ಗ್ರೀಲಿ ಅನ್ನೋ ಪತ್ರಿಕಾ ಸಂಪಾದಕನನ್ನ ತಮ್ಮ ಅಭ್ಯರ್ಥಿ ಅಂತ ಒಪ್ಕೊಂಡ್ರು, ಆ ಮನುಷ್ಯ ಜೀವಮಾನ ಎಲ್ಲಾ ಡೆಮಾಕ್ರಾಟರನ್ನೇ ಬೈದು ಬರ್ದಿದ್ದ. ಪಾಪ, ಸೋತ ತಿಂಗಳೇ ತೀರ್ಕೊಂಡ.

ವಿಚಾರಣೆ ಆಯ್ತು, ಏಮ್ಸ್‌ಗೂ ಜೇಮ್ಸ್ ಬ್ರೂಕ್ಸ್‌ಗೂ ಸದನ ಛೀಮಾರಿ ಹಾಕ್ತು. ಈ ಬ್ರೂಕ್ಸ್ ಡೆಮಾಕ್ರಾಟ್, ಅದನ್ನ ಮರೀಬೇಡಿ. ಇನ್ನೊಬ್ಬ ಸಂಸದ ಜೇಮ್ಸ್ ಗಾರ್ಫೀಲ್ಡ್, ಅವನಿಗೆ 329 ಡಾಲರ್ ಕೊಟ್ಟಿದೀನಿ ಅಂತ ಏಮ್ಸ್ ಅಂದ, ಅವನು ಇಲ್ಲ ಅಂದ. 1880ರಲ್ಲಿ ಗಾರ್ಫೀಲ್ಡ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಡೆಮಾಕ್ರಾಟರು ಗೋಡೆ ಮೇಲೆ, ರಸ್ತೆ ಬದಿ ಕಲ್ಲು ಚಪ್ಪಡಿ ಮೇಲೆ ಬರೀ 329 ಅಂತ ಬರ್ಕೊಂಡು ಹೋದ್ರು. ಗಾರ್ಫೀಲ್ಡ್ ಗೆದ್ದ. ಅಷ್ಟೊತ್ತಿಗೆ ವ್ಯಾಪಾರ ವಹಿವಾಟು ಚೇತರಿಸ್ಕೊಂಡಿತ್ತು. ಅಂದ್ರೆ ಅದೇ ಹಗರಣ, 72ರಲ್ಲೂ ಕಚ್ಚಲಿಲ್ಲ, 80ರಲ್ಲೂ ಕಚ್ಚಲಿಲ್ಲ. ಮಧ್ಯದಲ್ಲಿ ಒಂದ್ಸಲ ಕಚ್ತು, ಅದು ಹೇಗೆ ಅನ್ನೋದೇ ವಿಷಯ.

1873ರ ಮಾರ್ಚ್ 3. ಗ್ರಾಂಟ್ ಎರಡನೇ ಸಲ ಪ್ರಮಾಣವಚನ ತಗೊಳ್ಳೋ ಹಿಂದಿನ ದಿನ. ಸಂಸದರೆಲ್ಲಾ ಸೇರಿ ತಮ್ಮ ಸಂಬಳ 5,000ದಿಂದ 7,500 ಡಾಲರಿಗೆ ಏರಿಸ್ಕೊಂಡ್ರು, ಅದೂ ಹಿಂದಿನ ಎರಡು ವರ್ಷದ್ದೂ ಅರಿಯರ್ಸ್ ಸಮೇತ, ಅಂದ್ರೆ ಒಬ್ಬೊಬ್ಬನಿಗೆ 5,000 ಡಾಲರ್ ಇಡುಗಂಟು. ಜನ ಇದಕ್ಕೆ ಸಂಬಳದ ಲೂಟಿ ಅಂತಾನೇ ಹೆಸರಿಟ್ರು. ರೈಲ್ವೆ ಷೇರು, ಬಾಂಡು ಯಾರಿಗೂ ಸರಿಯಾಗಿ ಅರ್ಥ ಆಗಿರಲಿಲ್ಲ, ಇದು ಎಲ್ರಿಗೂ ಅರ್ಥ ಆಯ್ತು.

ಆರೇ ತಿಂಗಳು. ಸೆಪ್ಟೆಂಬರ್ 18ಕ್ಕೆ ಜೇ ಕುಕ್ ಅಂಡ್ ಕಂಪನಿ ಅನ್ನೋ ಬ್ಯಾಂಕು ಬಾಗಿಲು ಹಾಕ್ತು. ಜೇ ಕುಕ್ ಅಂದ್ರೆ ಉತ್ತರ, ದಕ್ಷಿಣ ರಾಜ್ಯಗಳ ನಡುವೆ 1861ರಿಂದ 65ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸರ್ಕಾರದ ಬಾಂಡನ್ನ ಮನೆಮನೆಗೆ ಮಾರಿಕೊಟ್ಟ ಮಹಾ ಸಾಹುಕಾರ, ಅವನೇ ಮುಳುಗ್ತಾನೆ ಅಂತ ಯಾರೂ ಕನಸಲ್ಲೂ ಅಂದ್ಕೊಂಡಿರಲಿಲ್ಲ. ನಾರ್ದರ್ನ್ ಪೆಸಿಫಿಕ್ ಅನ್ನೋ ಇನ್ನೊಂದು ರೈಲ್ವೆಗೆ ದುಡ್ಡು ಸುರಿದು ಸುರಿದು ಬಾಂಡು ಕೊಳ್ಳೋರಿಲ್ಲದೆ ಸಿಕ್ಕಾಕ್ಕೊಂಡ. ತಮಾಷೆ ಏನಂದ್ರೆ ಅವತ್ತಿನ ಹಿಂದಿನ ರಾತ್ರಿ ಅಧ್ಯಕ್ಷ ಗ್ರಾಂಟ್ ಇದೇ ಕುಕ್ ಬಂಗಲೇಲಿ ಅತಿಥಿಯಾಗಿ ಮಲಗಿದ್ದ. ಎರಡು ದಿನ ಆದ್ಮೇಲೆ ನ್ಯೂಯಾರ್ಕ್ ಷೇರುಪೇಟೆ ಮುಚ್ಚಿತು, ಹತ್ತು ದಿನ ತೆಗೀಲಿಲ್ಲ. ರೈಲ್ವೆ ಕೆಲಸ ನಿಂತೋಯ್ತು, ಕಬ್ಬಿಣದ ಕಾರ್ಖಾನೆ ನಿಂತೋಯ್ತು, 1879ರವರೆಗೂ ಮಂದಿ ಏಳಲಿಲ್ಲ. 1874ರ ಜನವರಿ 13ಕ್ಕೆ ನ್ಯೂಯಾರ್ಕಿನ ಟಾಂಪ್ಕಿನ್ಸ್ ಸ್ಕ್ವೇರಲ್ಲಿ ನಮಗೆ ಕೆಲಸ ಕೊಡಿ ಅಂತ ಸಾವಿರಾರು ಜನ ಹೆಂಡ್ತಿ ಮಕ್ಕಳ ಜೊತೆ ಸೇರಿದ್ರು, ಪೊಲೀಸರು ಕುದುರೆ ಹತ್ತಿ ಲಾಠಿ ಬೀಸಿದ್ರು.

ಈ ಕಥೇಲಿ ನನಗೆ ಅತಿ ಸಂಕಟ ಆಗೋದು ಫ್ರೀಡ್ಮನ್ಸ್ ಬ್ಯಾಂಕಿಂದು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆ ಆದ ಕರಿಯ ಜನ ಉಳಿತಾಯ ಮಾಡ್ಲಿ ಅಂತ 1865ರಲ್ಲಿ ಶುರುವಾಗಿದ್ದು, ಆ ಕಾನೂನಿಗೆ ಸಹಿ ಹಾಕಿದ್ದು ಲಿಂಕನ್. ಜನ ಇದು ಸರ್ಕಾರದ್ದೇ ಬ್ಯಾಂಕು ಅಂತ ನಂಬಿದ್ರು, ಬಟ್ಟೆ ಒಗೆಯೋ ಹೆಂಗಸರು, ಸಿಪಾಯಿಗಳು, ಕೂಲಿಯವರು ಪುಡಿಗಾಸು ತಂದು ಹಾಕಿದ್ರು. ಅದರ ಹಣಕಾಸು ಸಮಿತಿ ನೋಡ್ಕೊಳ್ತಿದ್ದೋನು ಯಾರು? ಜೇ ಕುಕ್ ತಮ್ಮ ಹೆನ್ರಿ ಕುಕ್. ಆ ಪುಡಿಗಾಸು ಅಣ್ಣನ ಕಂಪನಿಗೆ ಸಾಲವಾಗಿ ಹೋಯ್ತು. ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಕೊನೆಗೆ, ಎಲ್ಲಾ ಖಾಲಿ ಆದ್ಮೇಲೆ, ಜನರ ನಂಬಿಕೆ ಉಳಿಸೋಕೆ ಅಂತ ಗುಲಾಮಗಿರಿ ವಿರುದ್ಧ ಹೋರಾಡಿದ ಕರಿಯ ನಾಯಕ ಫ್ರೆಡರಿಕ್ ಡಗ್ಲಸ್‌ರನ್ನ ಬ್ಯಾಂಕಿನ ಅಧ್ಯಕ್ಷರಾಗಿ ಕೂರಿಸಿದ್ರು, ಆ ಪುಣ್ಯಾತ್ಮ ಕೈಯಿಂದ 10,000 ಡಾಲರ್ ಹಾಕಿ ಒದ್ದಾಡಿದ್ರು, 1874ರ ಜೂನಲ್ಲಿ ಬ್ಯಾಂಕ್ ಮುಚ್ಚಿತು. 60 ಸಾವಿರಕ್ಕೂ ಜಾಸ್ತಿ ಖಾತೆದಾರರು.

ಆ ನವೆಂಬರಲ್ಲಿ ಅಧ್ಯಕ್ಷನ ಅವಧಿ ನಡುವೆ ಬರೋ ಸಂಸತ್ತಿನ ಚುನಾವಣೆ. ಹಗರಣ ಕಚ್ಚಿದ್ದು ಆಗ, ಕೂಲಿ ನಿಂತ್ಮೇಲೆ. ರಿಪಬ್ಲಿಕನ್ನರು ಕೆಳಮನೇಲಿ 90ಕ್ಕೂ ಜಾಸ್ತಿ ಸೀಟು ಕಳ್ಕೊಂಡ್ರು, ಅಂತರ್ಯುದ್ಧಕ್ಕೂ ಮುಂಚೆ ಯಾವಾಗಲೋ ಸಿಕ್ಕಿದ್ದ ಬಹುಮತ ಡೆಮಾಕ್ರಾಟರ ಕೈಗೆ ವಾಪಸ್ ಬಂತು. (ಥಾಮಸ್ ನಾಸ್ಟ್ ಅನ್ನೋ ವ್ಯಂಗ್ಯಚಿತ್ರಕಾರ ರಿಪಬ್ಲಿಕನ್ ವೋಟನ್ನ ಆನೆಯಾಗಿ ಬರೆದಿದ್ದೂ ಅದೇ ತಿಂಗಳು, ಆ ಆನೆ ಇವತ್ತಿಗೂ ಅವರ ಚಿಹ್ನೆ.)

ಈಗ ತಂತ್ರಕ್ಕೆ ಬರೋಣ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಡೆಮಾಕ್ರಾಟರು ಅದನ್ನ ಚೆನ್ನಾಗಿ ಕಲ್ತಿದ್ರು. ಬಹುಮತ ಬಂದ್ರೆ ಸದನದ ಸಮಿತಿಗಳು ಕೈಗೆ ಬರ್ತವೆ, ಸಮಿತಿ ಬಂದ್ರೆ ಯಾರನ್ನ ಬೇಕಾದ್ರೂ ಸಮನ್ಸ್ ಕಳಿಸಿ ಕರೆಸಬಹುದು, ಕಡತ ತರಿಸಬಹುದು. ಒಂದೊಂದು ಇಲಾಖೆ ಖರ್ಚಿಗೂ ಒಂದೊಂದು ಸಮಿತಿ ಇತ್ತು, ಎಲ್ಲಾನೂ ಕೆದಕೋಕೆ ಶುರು ಮಾಡಿದ್ರು. ಸೇಂಟ್ ಲೂಯಿಸ್ ವಿಸ್ಕಿ ಹಗರಣ ಇದಕ್ಕೆ ಮುಂಚೆನೇ, 1875ರ ಮೇನಲ್ಲಿ ಹೊರಗೆ ಬಂದಿತ್ತು, ಅಬಕಾರಿ ಅಧಿಕಾರಿಗಳು ಭಟ್ಟಿ ಮಾಲೀಕರ ಜೊತೆ ಸೇರಿ ತೆರಿಗೆ ನುಂಗಿದ್ದು, ಆದ್ರೆ ಅದನ್ನ ಹಿಡಿದಿದ್ದು ವಿರೋಧ ಪಕ್ಷ ಅಲ್ಲ, ಗ್ರಾಂಟ್‌ನ ಹಣಕಾಸು ಮಂತ್ರಿ ಬ್ರಿಸ್ಟೋನೇ, ಹಾಗಾಗಿ ಅದನ್ನ ಇಲ್ಲಿಗೆ ಬಿಡ್ತೀನಿ.

ಸಮಿತಿಗೆ ಸಿಕ್ಕಿದ್ದು ಯುದ್ಧ ಮಂತ್ರಿ ವಿಲಿಯಂ ಬೆಲ್ಕ್ನಾಪ್. ಫೋರ್ಟ್ ಸಿಲ್ ಅನ್ನೋ ಸೈನ್ಯದ ಠಾಣೇಲಿ ಒಂದು ಅಂಗಡಿ. ಸಿಪಾಯಿಗಳು ಸಾಮಾನು ತಗೊಂಡ್ರೆ ಅಲ್ಲೇ ತಗೋಬೇಕು. ಲೈಸೆನ್ಸ್ ಮಂತ್ರಿ ಕೈಲಿ. ಮಂತ್ರಿ ಅದನ್ನ ಹೆಂಡ್ತಿ ಪರಿಚಯದ ಕ್ಯಾಲೆಬ್ ಮಾರ್ಶ್‌ಗೆ ಕೊಡೋದು ಅಂತ ಮಾಡಿದ, ಆದ್ರೆ ಅಲ್ಲಿ ಮೊದಲಿಂದ ಅಂಗಡಿ ಇಟ್ಟೋನು ನಾನು ಬಿಡಲ್ಲ ಅಂದ, ಸರಿ, ನೀನೇ ಇರು, ವರ್ಷಕ್ಕೆ 12,000 ಡಾಲರ್ ಕೊಡು ಅಂತ ರಾಜಿ ಆಯ್ತು. ಅದರಲ್ಲಿ ಅರ್ಧ ಮಾರ್ಶ್‌ಗೆ, ಅರ್ಧ ಮಂತ್ರಿ ಮನೆಗೆ. ಮೂರು ತಿಂಗಳಿಗೊಂದು ಕಂತು. ಆ 12,000 ಎಲ್ಲಿಂದ ಬಂತು? ಸಿಪಾಯಿಯ ತಂಬಾಕು, ಬಿಸ್ಕತ್ತಿನ ರೇಟಿಂದ. 1876ರ ಮಾರ್ಚ್ 2ರ ಬೆಳಿಗ್ಗೆ ಬೆಲ್ಕ್ನಾಪ್ ಓಡೋಡಿ ಹೋಗಿ ಗ್ರಾಂಟ್ ಹತ್ರ ರಾಜೀನಾಮೆ ಕೊಟ್ಟ, ಅವತ್ತೇ ಕೆಳಮನೆ ಒಂದೂ ವಿರೋಧ ಇಲ್ಲದೆ ಮಹಾಭಿಯೋಗ ಹೊರಿಸ್ತು. ಮೇಲ್ಮನೆ ಸೆನೆಟ್‌ನಲ್ಲಿ ಜಾಸ್ತಿ ಜನ ತಪ್ಪಿತಸ್ಥ ಅಂದ್ರೂ ಮೂರನೇ ಎರಡು ಭಾಗ ಮುಟ್ಟಲಿಲ್ಲ, ರಾಜೀನಾಮೆ ಕೊಟ್ಟೋನನ್ನ ನಾವೇನು ವಿಚಾರಣೆ ಮಾಡೋದು ಅಂದ್ರು ಕೆಲವರು, ಪಾರಾದ.

ಈ ಸಮಿತಿ ಅಧ್ಯಕ್ಷ ಹೀಸ್ಟರ್ ಕ್ಲೈಮರ್, ಬೆಲ್ಕ್ನಾಪ್‌ನ ಕಾಲೇಜು ಗೆಳೆಯ. ಸ್ನೇಹ ನೋಡದೆ ಕೆಲಸ ಮಾಡಿದ, ಒಪ್ಕೋತೀನಿ. ಆದ್ರೆ ಇದೇ ಕ್ಲೈಮರ್ 1866ರಲ್ಲಿ ಪೆನ್ಸಿಲ್ವೇನಿಯಾ ಗವರ್ನರ್ ಸ್ಥಾನಕ್ಕೆ ನಿಂತಾಗ ಅವನ ಪರ ಹಂಚಿದ ಪೋಸ್ಟರುಗಳು ಕರಿಯರನ್ನ ಸೋಮಾರಿಗಳು ಅಂತ ಹೀಯಾಳಿಸೋ, ಅಸಹ್ಯ ಅನ್ನಿಸೋ ಚಿತ್ರಗಳು. ನಾನು ಇವತ್ತು ಹೇಳೋಕೆ ಬಂದಿದ್ದು ಇದನ್ನೇ. ಲಂಚಕೋರರನ್ನ ಹಿಡಿಯೋ ಕೈ ಬೇರೆ, ಆ ಕೈಗೆ ಬೇಕಾಗಿರೋದು ಬೇರೆ. ಎರಡನ್ನೂ ಒಟ್ಟಿಗೆ ನೋಡ್ಬೇಕು.

1876ರ ಡೆಮಾಕ್ರಾಟಿಕ್ ಪ್ರಣಾಳಿಕೇಲಿ ಸುಧಾರಣೆ ಬೇಕು, ಸುಧಾರಣೆ ಬೇಕು ಅಂತ ಪಲ್ಲವಿ ಥರ ಬರುತ್ತೆ. ಅಭ್ಯರ್ಥಿ ಸ್ಯಾಮ್ಯುಯೆಲ್ ಟಿಲ್ಡನ್, ತನ್ನದೇ ಪಕ್ಷದ ಕಳ್ಳ ಟ್ವೀಡ್‌ನ ಮಟ್ಟ ಹಾಕೋದ್ರಲ್ಲಿ ಕೈ ಜೋಡಿಸಿದೋನು, ಒಳ್ಳೆ ಆಯ್ಕೆ. ಆದ್ರೆ ಕೆಲಸ ಇಲ್ಲದೋನಿಗೆ ಏನ್ ಮಾಡ್ತೀರ ಅಂದ್ರೆ ಉತ್ತರ ಇಲ್ಲ. ಆಗಿನ ದೊಡ್ಡ ಜಗಳ ಕಾಗದದ ನೋಟು ಜಾಸ್ತಿ ಬಿಡ್ಬೇಕೋ, ಚಿನ್ನಕ್ಕೇ ಗಂಟು ಹಾಕ್ಬೇಕೋ ಅನ್ನೋದು. ಸಾಲ ಇದ್ದ ರೈತನಿಗೆ ನೋಟು ಬೇಕು, ಸಾಲ ಕೊಟ್ಟೋನಿಗೆ ಚಿನ್ನ ಬೇಕು. ಟಿಲ್ಡನ್ ಚಿನ್ನದ ಕಡೆ, ಅವನ ಉಪಾಧ್ಯಕ್ಷ ಅಭ್ಯರ್ಥಿ ಹೆಂಡ್ರಿಕ್ಸ್ ನೋಟಿನ ಕಡೆ. ಇಬ್ಬರನ್ನೂ ಒಂದೇ ಪೋಸ್ಟರಲ್ಲಿ ಹಾಕಿ ಮೇಲೆ ಸುಧಾರಣೆ ಅಂತ ಬರೆದ್ರೆ ಮುಗೀತು. ಭ್ರಷ್ಟಾಚಾರದ ಮಾತಿಗೆ ಈ ಅನುಕೂಲ ಇದೆ ನೋಡಿ, ಒಳಗಿನ ಜಗಳ ಎಲ್ಲಾ ಮುಚ್ಚುತ್ತೆ.

ದಕ್ಷಿಣದಲ್ಲಿ, ಅಂದ್ರೆ ಗುಲಾಮಗಿರಿ ಇದ್ದ, ಅಂತರ್ಯುದ್ಧದಲ್ಲಿ ಸೋತ ರಾಜ್ಯಗಳಲ್ಲಿ, ಈ ಮಾತು ಮುಚ್ಚಿದ್ದು ಇನ್ನೂ ಘೋರವಾದದ್ದು. ಮಿಸಿಸಿಪ್ಪಿಯಲ್ಲಿ ಕರಿಯರೇ ಬಹುಸಂಖ್ಯಾತರು, ಅವರ ವೋಟಿಂದ ರಿಪಬ್ಲಿಕನ್ ಸರ್ಕಾರ. ಬಿಳಿಯ ಜಮೀನ್ದಾರರು ತೆರಿಗೆದಾರರ ಸಮಾವೇಶ ಅಂತ ಮಾಡಿದ್ರು, ತೆರಿಗೆ ಜಾಸ್ತಿ, ದುಂದು, ಲಂಚ ಅಂದ್ರು. ಸೌತ್ ಕ್ಯಾರೊಲಿನಾದಂಥ ಕಡೆ ಲಂಚ ನಿಜವಾಗ್ಲೂ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಆ ತೆರಿಗೆಯಿಂದ ಮೊದಲ ಸಲ ಸರ್ಕಾರಿ ಶಾಲೆಗಳೂ ಆಗ್ತಿದ್ವು. 1875ರಲ್ಲಿ ಡೆಮಾಕ್ರಾಟರ ಕಡೆಯ ಬಿಳಿಯರು ಬಂದೂಕಿನ ದಂಡು ಕಟ್ಕೊಂಡು ಊರೂರಲ್ಲಿ ಮೆರವಣಿಗೆ ಹೋದ್ರು, ಕ್ಲಿಂಟನ್ ಅನ್ನೋ ಊರಲ್ಲಿ ಸಭೆ ಮೇಲೆ ಬಿದ್ದು, ಆಮೇಲೆ ಹಳ್ಳಿಗಳಿಗೆ ಹೋಗಿ ಕರಿಯರನ್ನ ಕೊಂದ್ರು. ಯಾಜೂ ಕೌಂಟಿಯಲ್ಲಿ ಸಾವಿರಗಟ್ಟಲೆ ಬರ್ತಿದ್ದ ರಿಪಬ್ಲಿಕನ್ ವೋಟು ಆ ಸಲ ಏಳು. ಏಳು ಸಾವಿರ ಅಲ್ಲ, ಏಳು. ಗವರ್ನರ್ ಸೈನ್ಯ ಕಳಿಸಿ ಅಂದ್ರೆ ಗ್ರಾಂಟ್ ಕಡೆಯಿಂದ ಬಂದ ಉತ್ತರ, ಪ್ರತಿ ವರ್ಷದ ಈ ಗಲಾಟೆ ಕೇಳಿ ಜನಕ್ಕೆ ಸಾಕಾಗಿದೆ ಅಂತ. ಸೈನ್ಯ ಕಳಿಸಿದ್ರೆ ಓಹಾಯೋ ಚುನಾವಣೆ ಸೋಲ್ತೀವಿ ಅನ್ನೋ ಭಯ ಇತ್ತು ಅಂತ ಮಿಸಿಸಿಪ್ಪಿಯ ಕರಿಯ ಸಂಸದ ಜಾನ್ ಲಿಂಚ್ ಮುಂದೆ ಹೇಳಿದ್ದಾರೆ. ಹಗರಣಗಳಿಂದ ಮಾನ ಹೋಗಿದ್ದ ಸರ್ಕಾರಕ್ಕೆ ಸರಿಯಾದ ಕೆಲಸ ಮಾಡೋಕೂ ಧೈರ್ಯ ಉಳಿದಿರಲಿಲ್ಲ.

ಅಂದಹಾಗೆ, ಲಂಚ ತೊಳೀತೀವಿ ಅಂತ ಹಿಂಗೆ ಬಂದ ಮಿಸಿಸಿಪ್ಪಿ ಡೆಮಾಕ್ರಾಟರ ಖಜಾಂಚಿ ಲೆಕ್ಕದಲ್ಲಿ 1890ರಲ್ಲಿ 3 ಲಕ್ಷ 15 ಸಾವಿರ ಡಾಲರ್ ಕಾಣೆ ಆಗಿತ್ತು.

1876ರಲ್ಲಿ ಟಿಲ್ಡನ್‌ಗೆ ಎರಡೂವರೆ ಲಕ್ಷದಷ್ಟು ವೋಟು ಜಾಸ್ತಿ ಬಂತು, ಆದ್ರೆ ಅಲ್ಲಿ ಅಧ್ಯಕ್ಷ ಯಾರು ಅಂತ ತೀರ್ಮಾನ ಆಗೋದು ರಾಜ್ಯವಾರು ಹಂಚಿರೋ ಎಲೆಕ್ಟೋರಲ್ ವೋಟಿಂದ, ಅದು 184, ಗೆಲ್ಲೋಕೆ ಒಂದು ಕಮ್ಮಿ. 20 ವೋಟು ತಕರಾರಲ್ಲಿತ್ತು, 15 ಜನರ ಆಯೋಗ ಪ್ರತಿ ಸಲ 8-7ರಲ್ಲಿ ಅಷ್ಟನ್ನೂ ರಿಪಬ್ಲಿಕನ್ ಅಭ್ಯರ್ಥಿ ಹೇಯ್ಸ್‌ಗೆ ಕೊಡ್ತು. ಹಾಗೆ ಅಧ್ಯಕ್ಷ ಆದ ಹೇಯ್ಸ್ 1877ರ ಏಪ್ರಿಲಲ್ಲಿ ಸೌತ್ ಕ್ಯಾರೊಲಿನಾ, ಲೂಸಿಯಾನಾ ವಿಧಾನಸೌಧಗಳ ಕಾವಲಿಗಿದ್ದ ಸೈನ್ಯ ವಾಪಸ್ ಕರೆಸ್ಕೊಂಡ, ಅಲ್ಲಿಗೆ ದಕ್ಷಿಣದ ಕರಿಯರ ರಕ್ಷಣೆಗೆ ದಿಲ್ಲಿ ದೂರ ಆಯ್ತು.

ಜುಲೈ ಬಂತು. ಬಾಲ್ಟಿಮೋರ್ ಅಂಡ್ ಓಹಾಯೋ ರೈಲ್ವೆಯವರು ಕೂಲಿನ ನೂರಕ್ಕೆ ಹತ್ತು ಕಡಿದ್ರು, ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್ ಅನ್ನೋ ಊರಲ್ಲಿ ಕೆಲಸಗಾರರು ರೈಲು ನಿಲ್ಲಿಸಿದ್ರು, ಅದು ಪಿಟ್ಸ್‌ಬರ್ಗ್, ಶಿಕಾಗೋವರೆಗೂ ಹಬ್ಬಿತು. ಏಪ್ರಿಲಲ್ಲಿ ಸೈನ್ಯ ಹಿಂದಕ್ಕೆ ಕರೆಸ್ಕೊಂಡಿದ್ದ ಹೇಯ್ಸ್ ಈಗ ಸೈನ್ಯ ಕಳಿಸಿದ, ಮುಷ್ಕರದವರ ಮೇಲೆ. ಆ ಸಿಪಾಯಿಗಳಿಗೆ ಆ ಬೇಸಿಗೇಲಿ ಸಂಬಳನೇ ಬರ್ತಿರಲಿಲ್ಲ, ಯಾಕಂದ್ರೆ ದಕ್ಷಿಣದಲ್ಲಿ ಸೈನ್ಯ ಬಳಸಬಾರದು ಅಂತ ಪಟ್ಟು ಹಿಡಿದು ಡೆಮಾಕ್ರಾಟರ ಸದನ ಮಾರ್ಚಲ್ಲಿ ಸೈನ್ಯದ ಬಜೆಟ್ಟನ್ನೇ ಪಾಸ್ ಆಗೋಕೆ ಬಿಟ್ಟಿರಲಿಲ್ಲ. ಸಂಬಳ ಇಲ್ಲದ ಸಿಪಾಯಿ, ಸಂಬಳ ಕಡಿತ ಆದ ರೈಲ್ವೆ ಕೆಲಸಗಾರನ ಎದುರು ಬಂದೂಕು ಹಿಡ್ಕೊಂಡು ನಿಂತಿದ್ದ.

ಪ್ರಶ್ನೆ ಇದ್ರೆ ಕೇಳಿ, ಚಹಾ ಬರೋಕೆ ಇನ್ನೂ ಹತ್ತು ನಿಮಿಷ ಇದೆಯಂತೆ.