ಆ ‘ಜೆ’ ಅಕ್ಷರ ಎರಡು ಮನೆ ದಾಟಿ ಬಂದಿದ್ದು

ಕೇಳುಗರಿಗೆಲ್ಲ ನಮಸ್ಕಾರ.

ಸಿಇಟಿ ಕೌನ್ಸೆಲಿಂಗ್ ಹೊತ್ತಿನಲ್ಲಿ ನನ್ನ ಅಕ್ಕನ ಮಗಳು ಕುಷ್ಟಗಿಯಿಂದ ಕೊಪ್ಪಳಕ್ಕೆ ನಮ್ಮ ಮನೆಗೆ ಬಂದಿದ್ದಳು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಬೇಕು ಅನ್ನೋದು ಅವಳ ಆಸೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಒಳಗೆ ಮಾರ್ಕ್ಸ್ ಕಾರ್ಡು, ಜಾತಿ ಆದಾಯ ಪತ್ರ. ಎಲ್ಲಕ್ಕಿಂತ ಮೇಲೆ 371-ಜೆ ಸರ್ಟಿಫಿಕೇಟು. ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರ ಸಹಿ ಆಗಿ ಬಂದಿದ್ದು. ಅದನ್ನು ಹೊರಗೆ ತೆಗೆದು, “ಮಾಮಾ, ಎಲ್ಲಾರೂ ತ್ರೀ ಸೆವೆಂಟಿ ಒನ್ ಜೆ ಅಂತಾರ. ಈ ಜೆ ಅಂದ್ರ ಏನು?” ಅಂತ ಕೇಳಿದಳು.

ಸಂವಿಧಾನದ 371ನೇ ವಿಧಿಗೆ ಒಂದೊಂದೇ ಅಕ್ಷರ ಸೇರುತ್ತಾ ಬಂದಿದೆ. ನಾಗಾಲ್ಯಾಂಡಿಗೆ ಎ, ಸಿಕ್ಕಿಂಗೆ ಎಫ್, ಗೋವಾಕ್ಕೆ ಐ. ಅದರ ನಂತರದ ಜೆ ನಮ್ಮದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆ ಬಳ್ಳಾರಿಯೂ ಇದರಲ್ಲಿದೆ. ಉಳಿದ ಐದರ ಹಾಗೆ ಬಳ್ಳಾರಿ ಹೈದರಾಬಾದ್ ನಿಜಾಮರ ರಾಜ್ಯದಲ್ಲಿ ಇರಲಿಲ್ಲ, ಮದ್ರಾಸ್ ಕಡೆ ಇತ್ತು. 1953ರಲ್ಲಿ ಮೈಸೂರಿಗೆ ಸೇರಿತು. ಆದರೂ ಹಿಂದುಳಿದ ಕಷ್ಟ ಎಲ್ಲರದೂ ಒಂದೇ ಅಲ್ವಾ? ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿನ ಮಕ್ಕಳಿಗೆ ಸಿಗುವುದು ಈ ಅಕ್ಷರದಿಂದ.

ಆ ಅಕ್ಷರ ಅಲ್ಲಿಗೆ ಸುಮ್ನೆ ಬಂದು ಕೂರಲಿಲ್ಲ. ಅದನ್ನು ಸೇರಿಸಿದ್ದು ಸಂಸತ್ತು. ಸಂಸತ್ತು ಅಂದರೆ ರಾಷ್ಟ್ರಪತಿ ಮತ್ತು ಎರಡು ಮನೆ.

ಲೋಕಸಭೆ ನಮಗೆ ಗೊತ್ತು. ನಾವೇ ಬಟನ್ ಒತ್ತಿ ಕಳಿಸುತ್ತೇವೆ. 543 ಸ್ಥಾನ. ಅದರಲ್ಲಿ ಕರ್ನಾಟಕದ್ದು 28. ಬಳ್ಳಾರಿ, ರಾಯಚೂರು, ಕೊಪ್ಪಳ ಅಂತ ನಮ್ಮ ಸುತ್ತಲಿನ ಜಿಲ್ಲೆಗಳ ಹೆಸರಿನವೇ ಮೂರು. ರಾಜ್ಯಸಭೆಯಲ್ಲಿ 245 ಸ್ಥಾನ. 233 ಜನ ಚುನಾಯಿತರು, 12 ಜನರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ನಮ್ಮ ರಾಜ್ಯದ ಪಾಲು 12. ಲೋಕಸಭೆಯ ಅವಧಿ ಐದು ವರ್ಷ. ರಾಜ್ಯಸಭೆ ಮಾತ್ರ ಎಂದೂ ಪೂರ್ತಿ ಖಾಲಿ ಆಗುವುದಿಲ್ಲ. ಒಬ್ಬ ಸದಸ್ಯರಿಗೆ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಜನ ನಿವೃತ್ತಿ.

“ಸೋತವರನ್ನು ಕೂರಿಸೋಕೆ ಮಾಡಿದ ಜಾಗ ಅದು” ಅಂತ ಚಹಾದಂಗಡಿಯಲ್ಲಿ ಜನ ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. 1989ರಲ್ಲಿ ಏನಾಯಿತು ನೋಡಿ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಡುವ ವಿಧೇಯಕ, ಅಂದರೆ ಕಾನೂನಿನ ಕರಡು, ಲೋಕಸಭೆಯಲ್ಲಿ ಗೆದ್ದಿತು. ರಾಜ್ಯಸಭೆಯಲ್ಲಿ ಬೇಕಾದಷ್ಟು ಓಟು ಸಿಗದೆ ಬಿದ್ದುಹೋಯಿತು. ಇಂದು ನಮ್ಮ ಗ್ರಾಮ ಪಂಚಾಯಿತಿಗೆ ಇರುವ ಬಲ 1992ರಲ್ಲಿ ಪಾಸಾದ ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದಿದ್ದು. ಅದು ಎರಡೂ ಮನೆ ಗೆದ್ದ ಮೇಲೆ.

ಕಾನೂನು ಆಗುವ ದಾರಿ ಹೀಗಿದೆ. ಮೊದಲು ವಿಧೇಯಕ ಮಂಡನೆ. ಎಷ್ಟೋ ಸಲ ಅದು ಸಮಿತಿಗೆ ಹೋಗುತ್ತದೆ. ಅಲ್ಲಿ ಬೇರೆ ಬೇರೆ ಪಕ್ಷದವರು ಕೂತು ಸಾಲು ಸಾಲಾಗಿ ಓದುತ್ತಾರೆ. ಟಿವಿಯಲ್ಲಿ ಕಾಣುವ ಗಲಾಟೆಗಿಂತ ಈ ಕೆಲಸವೇ ದೊಡ್ಡದು ಅಂತ ನನಗನಿಸುತ್ತದೆ. ಆಮೇಲೆ ಸದನದಲ್ಲಿ ಒಂದೊಂದೇ ಕಲಮಿನ ಮೇಲೆ ಚರ್ಚೆ, ಕೊನೆಗೆ ಮತ. ಪಾಸಾದರೆ ಇನ್ನೊಂದು ಮನೆಗೆ ಹೋಗಿ ಇದೆಲ್ಲ ಮತ್ತೆ ಮೊದಲಿನಿಂದ. ಎರಡೂ ಒಪ್ಪಿದ ಮೇಲೆ ರಾಷ್ಟ್ರಪತಿಯ ಅಂಕಿತ. ತೆರಿಗೆ, ಸರ್ಕಾರದ ಖರ್ಚಿನಂಥ ಹಣದ ವಿಷಯದ ‘ಧನ ವಿಧೇಯಕ’ಕ್ಕೆ ಮಾತ್ರ ಬೇರೆ ನಿಯಮ. ಅದನ್ನು ರಾಜ್ಯಸಭೆ 14 ದಿನದೊಳಗೆ ಹಿಂದಿರುಗಿಸಬೇಕು, ತಡೆಯುವ ಹಾಗಿಲ್ಲ.

ಎರಡು ಮನೆಗೂ ಜಗಳ ಬಿದ್ದರೆ? ರಾಷ್ಟ್ರಪತಿ ಎರಡನ್ನೂ ಒಟ್ಟಿಗೆ ಕೂರಿಸಬಹುದು. ಅದಕ್ಕೆ ಜಂಟಿ ಅಧಿವೇಶನ ಅನ್ನುತ್ತಾರೆ. ಜಗಳ ಬಗೆಹರಿಸಲು ಹೀಗೆ ಕೂತಿದ್ದು ಮೂರೇ ಸಲ: 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, ಆಮೇಲೆ 1978 ಮತ್ತು 2002ರಲ್ಲಿ. ಆದರೆ ಸಂವಿಧಾನ ತಿದ್ದುಪಡಿಗೆ ಈ ಅಡ್ಡದಾರಿ ಇಲ್ಲ. ಎರಡೂ ಮನೆಯಲ್ಲಿ ಬೇರೆ ಬೇರೆಯಾಗಿ ಗೆಲ್ಲಲೇಬೇಕು. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪರವಾಗಿರಬೇಕು. ಹಾಜರಿದ್ದು ಓಟು ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲೂ ಸಿಗಬೇಕು. ಕೈ ಎತ್ತಿ, ‘ಹೌದು’ ಅಂತ ಕೂಗಿದರೆ ನಡೆಯುವುದಿಲ್ಲ. ಸದಸ್ಯರ ಮುಂದೆ ಬಟನ್ ಇರುತ್ತವೆ. ಹಸಿರು ಅಂದರೆ ಪರ, ಕೆಂಪು ಅಂದರೆ ವಿರೋಧ, ಹಳದಿ ಅಂದರೆ ತಟಸ್ಥ.

ನಮ್ಮ ಜೆ ಈ ದಾರಿಯಲ್ಲೇ ಬಂತು. 118ನೇ ತಿದ್ದುಪಡಿ ವಿಧೇಯಕ ಅಂತ ಒಳಗೆ ಹೋಗಿದ್ದು, 98ನೇ ತಿದ್ದುಪಡಿಯಾಗಿ ಹೊರಗೆ ಬಂತು. 2012ರ ಡಿಸೆಂಬರ್‌ನಲ್ಲಿ ಲೋಕಸಭೆ ಒಪ್ಪಿತು, ನಂತರ ರಾಜ್ಯಸಭೆ. 2013ರ ಹೊಸ ವರ್ಷದ ಮೊದಲ ದಿನ ರಾಷ್ಟ್ರಪತಿಯ ಅಂಕಿತ ಬಿತ್ತು. ಇಲ್ಲಿ ವರ್ಷಗಟ್ಟಲೆ ಧರಣಿ ಕೂತ ಹಿರಿಯರಿಗೆ ಆ ದಿನ ಹೇಗಿತ್ತು ಅಂತ ಕೇಳಿ ನೋಡಿ.

ಹಾಗಾದರೆ ರಾಜ್ಯಸಭೆಯವರನ್ನು ಕಳಿಸುವವರು ಯಾರು? ನಮ್ಮ ಶಾಸಕರು. ವಿಧಾನಸಭೆಯಲ್ಲಿ 224 ಜನ. ರಾಜ್ಯಸಭೆಯ ನಾಲ್ಕು ಸ್ಥಾನ ಖಾಲಿ ಇದ್ದು ಈ ಶಾಸಕರೆಲ್ಲರೂ ಓಟು ಹಾಕಿದರೆ, 45 ಓಟು ಸಿಕ್ಕವರು ಗೆದ್ದಂತೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಶಾಸಕರೇ 17 ಜನ ಇದ್ದಾರೆ. ಸಣ್ಣ ಲೆಕ್ಕ ಅಲ್ಲ. ಎಂಎಲ್ಎ ಚುನಾವಣೆಯಲ್ಲಿ ನಾವು ರಸ್ತೆ, ನೀರು ಕೇಳುತ್ತೇವೆ. ಕೇಳಲೇಬೇಕು. ರಾಜ್ಯಸಭೆಗೆ ಯಾರನ್ನು ಕಳಿಸುತ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. 2003ರ ಕಾನೂನು ಬಂದ ಮೇಲೆ ಆ ಅಭ್ಯರ್ಥಿ ನಮ್ಮ ರಾಜ್ಯದ ಮತದಾರ ಆಗಿರಬೇಕು ಅಂತಲೂ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಹಾಗಾಗಿ ಕೇಳುವ ಕೆಲಸ ನಮ್ಮ ಮೇಲೇ ಬಿತ್ತು.

ಅಕ್ಕನ ಮಗಳಿಗೆ ಸೀಟು ಸಿಕ್ಕಿತು. ಈಗ ರಾಯಚೂರಿನ ಹಾಸ್ಟೆಲ್‌ನಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. “ಮಾಮಾ, ರಾಜ್ಯಸಭಾಕ್ಕ ಯಾರಿಗೆ ಓಟು ಹಾಕಿದ್ರಿ ಅಂತ ನಮ್ಮ ಎಂಎಲ್ಎಗೆ ಕೇಳಬಹುದೇನು?” ಅಂದಳು. ಧಾರಾಳವಾಗಿ ಕೇಳಬಹುದು ಅಂದೆ. ಆ ಓಟು ನಮ್ಮ ಓಟಿನ ಹಾಗೆ ಗುಟ್ಟಿನದಲ್ಲ, ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು. ಊರ ಜಾತ್ರೆಗೆ ಎಂಎಲ್ಎ ಬರುತ್ತಾರೆ, ಅವಳೂ ಬರುತ್ತಾಳೆ. ಕೇಳುತ್ತೇನೆ ಅಂದಿದ್ದಾಳೆ.

ನಮಸ್ಕಾರ.